ಚೌಕುಳಿ ಸೀರೆ ಹೊದ್ದ ಹೆಂಗಸು

ಕುವೈತಿನಲ್ಲಿ ಏನು ಕೆಲಸ ಎಂದು ಊರಲ್ಲಿ ಯಾರಾದರೂ ಕೇಳಿದರೆ ಫ್ರೇಮ್ ಅಂಗಡಿ ಎನ್ನುತ್ತೇನೆ. ಅದು ಸುಳ್ಳಲ್ಲ. ಆದರೆ ಮೊದಲ ಹತ್ತು ಹನ್ನೆರಡು ವರ್ಷ ನನ್ನ ನಿಜವಾದ ಕೆಲಸ ಬತ್ತಲೆ ಹೆಂಗಸರಿಗೆ ಬಟ್ಟೆ ಹೊದಿಸುವುದಾಗಿತ್ತು. ಹೀಗೆ ಹೇಳಿದರೆ ಇಗರ್ಜಿಯ ಪಾದ್ರಿಗಳಿಂದ ಹಿಡಿದು ನನ್ನ ಭಾವನವರೆಗೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಆಮೇಲೆ ಕೂರಿಸಿಕೊಂಡು ವಿವರಿಸುವಷ್ಟು ತಾಳ್ಮೆ ನನಗೆ ಈಗ ಉಳಿದಿಲ್ಲ. ಅದಕ್ಕೇ ಫ್ರೇಮ್ ಅಂಗಡಿ.

ಅಂಗಡಿ ಇರುವುದು ಕುವೈತ್ ನಗರದ ಹೊರಗಿನ ಗ್ಯಾರೇಜುಗಳ ಬಡಾವಣೆ ರಾಯ್‌ನಲ್ಲಿ. ಮುಂದೆ ಗಾಜಿನ ಶೋರೂಮ್, ಹಿಂದೆ ತಗಡಿನ ಮಾಡಿನ ವರ್ಕ್‌ಶಾಪ್. ಒಂದು ಪಕ್ಕದಲ್ಲಿ ಟಯರಿನವರು, ಇನ್ನೊಂದು ಪಕ್ಕದಲ್ಲಿ ಸೋಫಾ ಹೊಲಿಯುವವರು. ನಾನು ಬಂದದ್ದು ಇರಾಕಿನ ಜೊತೆಗಿನ ಯುದ್ಧ ಮುಗಿದ ಎರಡು ವರ್ಷಕ್ಕೆ. ಲೂಟಿಯಾದ ಮನೆಗಳಿಗೆ ಮತ್ತೆ ಸೋಫಾ, ಪರದೆ, ದೀಪದ ಗೊಂಚಲು ಎಲ್ಲ ಬಂದು ಇಳಿಯುತ್ತಿದ್ದ ಕಾಲ ಅದು. ಗೋಡೆಗಳಿಗೂ ಏನಾದರೂ ಬೇಕಲ್ಲ. ಅವರು ಕೇಳುತ್ತಿದ್ದದ್ದು ಒಂದೇ ಜಾತಿಯ ಚಿತ್ರ: ನೂರೈವತ್ತು ವರ್ಷಗಳ ಹಿಂದೆ ಯುರೋಪಿನ ಕಲಾವಿದರು ಅರಬರ ನಾಡನ್ನು ಬಣ್ಣಿಸಿ ಬರೆದ ಚಿತ್ರಗಳ ಪ್ರಿಂಟು. ಕುದುರೆ, ಗಿಡುಗ, ಡೇರೆ, ರತ್ನಗಂಬಳಿ ಮಾರುವವನು, ಮಸೀದಿಯೊಳಗೆ ಓರೆಯಾಗಿ ಬೀಳುವ ಬಿಸಿಲು. ಸುತ್ತ ಅಂಗೈ ಅಗಲದ ಚಿನ್ನದ ಬಣ್ಣದ ಚೌಕಟ್ಟು. ಗಂಡಸರು ಸಂಜೆ ಸೇರಿ ಚಹಾ ಕುಡಿಯುವ ದಿವಾನಿಯಾ ಎಂಬ ದೊಡ್ಡ ಕೋಣೆಯಲ್ಲಿ ಇಂಥವು ನಾಲ್ಕು ತೂಗದಿದ್ದರೆ ಮನೆಯ ಮರ್ಯಾದೆಗೆ ಕಡಿಮೆ.

ಒಬ್ಬ ಗಿರಾಕಿ ಚಿತ್ರದಲ್ಲಿದ್ದ ಕುದುರೆ ಸವಾರನ ಸೊಂಟದ ಕಠಾರಿ ತೋರಿಸಿ, ಇದು ನಮ್ಮ ಅಜ್ಜನದ್ದೇ, ಎಂದು ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಯುದ್ಧದಲ್ಲಿ ಮನೆಯ ಫೋಟೋಗಳೆಲ್ಲ ಸುಟ್ಟುಹೋದವರಿಗೆ ಯಾವನೋ ಫ್ರೆಂಚಿನವನು ಬರೆದದ್ದೇ ಅಜ್ಜನ ಫೋಟೋ. ಆಗ ನನಗೆ ನಗು ಬಂದಿತ್ತು. ಈಗ ಬರುವುದಿಲ್ಲ.

ತೊಂದರೆ ಏನೆಂದರೆ, ಕುದುರೆ ಬರೆದ ಆ ಕಲಾವಿದರೇ ಸ್ನಾನದ ಮನೆಗಳನ್ನೂ, ಅಂತಃಪುರಗಳನ್ನೂ, ಗುಲಾಮರ ಸಂತೆಗಳನ್ನೂ ಬರೆದಿದ್ದರು. ಪ್ರಿಂಟುಗಳು ಬರುತ್ತಿದ್ದದ್ದು ಆರಾರರ ಕಟ್ಟಿನಲ್ಲಿ. ನಾಲ್ಕರಲ್ಲಿ ಗಂಡಸರು ತಲೆಯಿಂದ ಕಾಲಿನವರೆಗೆ ಬಟ್ಟೆ ಸುತ್ತಿಕೊಂಡಿದ್ದರೆ ಎರಡರಲ್ಲಿ ಹೆಂಗಸರ ಮೈಮೇಲೆ ನೂಲೂ ಇಲ್ಲ. ಗಿರಾಕಿಗೆ ಆರೂ ಬೇಕು, ಆದರೆ ಮನೆಗೆ ತಾಯಿ ಬರುತ್ತಾಳೆ, ಸೊಸೆ ಬರುತ್ತಾಳೆ. ಹಾಗಾಗಿ ಹೊದಿಸುವ ಕೆಲಸ ಹುಟ್ಟಿಕೊಂಡಿತು. ಕಲಾಶಾಲೆಯಲ್ಲಿ ಮೂರು ವರ್ಷ ಕಲಿತು ಬಂದವನು ಎಂದು ಅದು ನನ್ನ ಪಾಲಿಗೆ ಬಂತು. ನಾನು ಶಾಲು ಬರೆದೆ, ಪರದೆ ಇಳಿಸಿದೆ, ಕೂದಲು ಉದ್ದ ಮಾಡಿದೆ. ಶಾಲು ಒಗ್ಗದ ಕಡೆ ಹೂಕುಂಡ ಇಟ್ಟೆ. ಒಂದು ಸ್ನಾನದ ಮನೆಯ ಚಿತ್ರದಲ್ಲಿ ಎಷ್ಟು ಕ್ರೋಟನ್ ಗಿಡ ಬೆಳೆಸಿದೆನೆಂದರೆ ಕೊನೆಗೆ ಅದು ಮುನ್ಸಿಪಾಲಿಟಿ ಪಾರ್ಕಿನ ಹಾಗೆ ಕಾಣುತ್ತಿತ್ತು. ಗಿರಾಕಿಗೆ ಬಹಳ ಖುಷಿಯಾಯಿತು.

ಕೆಲಸ ಕಲಿಸಿದವರು ಉಸ್ತಾದ್. ಕೈರೋದವರು, ದಪ್ಪ ಕನ್ನಡಕ, ದಿನಕ್ಕೆ ಹದಿನೈದು ಲೋಟ ಕಪ್ಪು ಚಹಾ. ಆ ಚಿತ್ರಗಳಲ್ಲಿ ತಪ್ಪು ಹುಡುಕುವುದೇ ಅವರ ಮನರಂಜನೆ. ನಮಾಜಿನ ಚಿತ್ರವೊಂದನ್ನು ತೋರಿಸಿ, ನೋಡು, ನಾಲ್ಕು ಜನ ನಾಲ್ಕು ದಿಕ್ಕಿಗೆ ನಿಂತಿದ್ದಾರೆ, ಮಕ್ಕಾ ಎಲ್ಲಿದೆ ಅಂತ ಬರೆದವನಿಗೇ ಗೊತ್ತಿಲ್ಲ, ಎನ್ನುವರು. ಬತ್ತಲೆ ಹೆಂಗಸರನ್ನು ನೋಡಿ ಮಾತ್ರ ನಗುತ್ತಿರಲಿಲ್ಲ. "ನಮ್ಮ ಅಜ್ಜಿಯಂದಿರು ಹೀಗೆ ಕೂತದ್ದನ್ನು ಯಾವ ಗಂಡಸೂ ನೋಡಿಲ್ಲ. ಇವಳು ಪ್ಯಾರಿಸ್‌ನವಳು. ಕೂಲಿಗೆ ನಿಂತವಳು. ಪಾಪ, ಚಳಿಯಾಗಿರಬೇಕು" ಎನ್ನುವರು.

ಅವರದ್ದು ಒಂದು ಕಟ್ಟುನಿಟ್ಟು ಇತ್ತು. ಕೈಯಲ್ಲಿ ಬರೆದ ಕ್ಯಾನ್ವಾಸ್ ಬಂದರೆ ಮೊದಲು ಅದರ ಮೇಲೆ ಮೆದು ವಾರ್ನಿಷ್ ಒಂದು ಪದರ, ಒಣಗಿದ ಮೇಲೆ ನಮ್ಮ ಬಟ್ಟೆ, ಅದಕ್ಕೂ ಎಣ್ಣೆ ಕಡಿಮೆ, ವಾರ್ನಿಷ್ ಹೆಚ್ಚು ಬೆರೆಸಿದ ಬಣ್ಣ. ಹತ್ತಿಯನ್ನು ಟರ್ಪಂಟೈನಿನಲ್ಲಿ ಅದ್ದಿ ಒರೆಸಿದರೆ ನಮ್ಮದಷ್ಟೇ ಬಿಟ್ಟುಬರಬೇಕು. "ನಾವು ಹಾಕಿದ್ದನ್ನು ನಾವೇ ತೆಗೆಯುವ ಹಾಗಿರಬೇಕು. ಇಂದಿನ ಗಿರಾಕಿಗೆ ನಾಚಿಕೆ, ನಾಳೆಯವನಿಗೆ ಇರಲಿಕ್ಕಿಲ್ಲ" ಎಂದು ಅವರ ವಾದ. ಈ ಒಂದು ಪದರ ವಾರ್ನಿಷ್ ಮುಂದೆ ನನ್ನನ್ನು ಉಳಿಸಿತು. ಹಾಗೆಯೇ ನನ್ನ ಹೊಟ್ಟೆಯನ್ನೂ ಉರಿಸಿತು.

ಫಿಂಟಾಸ್‌ನ ಕಡಲ ಬದಿಯಲ್ಲಿ ಒಂದು ಹಳೆಯ ಮನೆ. ಅದರ ಯಜಮಾನರನ್ನು ಎಲ್ಲರೂ ಹಜ್ಜಿ ಎನ್ನುತ್ತಿದ್ದರು. ಅವರ ತಂದೆ ಹಾಯಿ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದು ಮರ ಕೊಂಡೊಯ್ಯುತ್ತಿದ್ದವರಂತೆ. ಮಂಗಳೂರು ಎಂದ ಕೂಡಲೇ ನನಗೆ ಒಂದು ಖರ್ಜೂರ ಕೊಡುತ್ತಿದ್ದರು. ಒಂದು ಮಧ್ಯಾಹ್ನ ಅವರು ತಾವೇ ಅಂಗಡಿಗೆ ಬಂದರು. ಕಂಕುಳಲ್ಲಿ ಟವೆಲು ಸುತ್ತಿದ ಚಿಕ್ಕ ಕ್ಯಾನ್ವಾಸ್. ಎಷ್ಟೋ ವರ್ಷಗಳ ಹಿಂದೆ ಲಂಡನ್ನಿನಲ್ಲಿ ಕೊಂಡದ್ದು, ಯುದ್ಧದಲ್ಲಿ ಸೈನಿಕರು ಚೌಕಟ್ಟು ಮುರಿದು ಬಿಸಾಡಿ ಹೋದದ್ದು. ಉಸ್ತಾದ್ ರಜೆಯಲ್ಲಿ ಊರಿಗೆ ಹೋಗಿದ್ದರು. ಹಜ್ಜಿ ಟವೆಲು ಬಿಚ್ಚಿ, ಕೂಡಲೇ ಮತ್ತೆ ಮುಚ್ಚಿ, ಸುತ್ತ ನೋಡಿ ಹೇಳಿದರು:

"ಇವಳನ್ನು ಮುಚ್ಚು. ಬೇಗ. ಮನೆಗೆ ಜನ ಬರ್ತಾರೆ."

ಗುಲಾಮರ ಸಂತೆಯ ಚಿತ್ರ. ಮೂವರು ಗಂಡಸರು ಕಟ್ಟೆಯ ಮೇಲೆ ಕೂತಿದ್ದಾರೆ. ನಾಲ್ಕನೆಯವನು ಎದ್ದು ಬಂದು ಒಬ್ಬ ಹೆಂಗಸಿನ ಬಲಗೈ ಹಿಡಿದು ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಾನೆ. ಅವಳ ಮೈಮೇಲೆ ಏನೂ ಇಲ್ಲ. ಎಡಗೈ ಪಕ್ಕಕ್ಕೆ ಇಳಿಬಿದ್ದಿದೆ. ಬಣ್ಣದ ಮೇಲೆಲ್ಲ ಸಣ್ಣ ಸಣ್ಣ ಬಿರುಕು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ನಾನು ಏನೆಂದುಕೊಂಡೆ? ಕೈಯಿಂದ ನಕಲು ಮಾಡಿದ ಕ್ಯಾನ್ವಾಸುಗಳು ಅಂಗಡಿಗೆ ರಾಶಿ ಬರುತ್ತಿದ್ದವು, ಇಲ್ಲಿನ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬಿರಿಯುತ್ತಿದ್ದವು. ಇದೂ ಅಂಥದ್ದೇ ಒಂದು ಎಂದುಕೊಂಡೆ.

ಆದರೂ ಆ ಚಿತ್ರ ನನ್ನನ್ನು ಹಿಡಿಯಿತು, ಯಾಕೆಂದೂ ನನಗೆ ಗೊತ್ತಿತ್ತು. ಇಲ್ಲಿಗೆ ಬರುವ ಮೊದಲು ಮುಂಬೈಯಲ್ಲಿ ಏಜೆಂಟನ ಆಫೀಸಿನ ಮಾಳಿಗೆಯಲ್ಲಿ ಮೆಡಿಕಲ್‌ಗೆ ನಾವೊಂದು ಸಾಲು ಗಂಡಸರು ಬರೀ ಚಡ್ಡಿಯಲ್ಲಿ ನಿಂತಿದ್ದೆವು. ಕಂಪೆನಿಯ ಕಡೆಯವನೊಬ್ಬ ಕುರ್ಚಿಯಿಂದ ಎದ್ದು ಬಂದು ನನ್ನ ಬಲಗೈ ಹಿಡಿದು, ಅಂಗೈ ಮೇಲಾಗಿ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದ. "ಕೆಲಸ ಮಾಡಿದ ಕೈ ಅಲ್ಲ" ಎಂದ, ನನಗಲ್ಲ, ಪಕ್ಕದವನಿಗೆ. ಅವತ್ತು ಹೊದೆಯಲು ಒಂದು ಟವೆಲು ಸಿಕ್ಕಿದ್ದರೂ ಸಾಕಿತ್ತು ಎಂದು ನನಗೆ ಅನಿಸಿತ್ತು. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ಆ ವಾರ ಊರಿನಿಂದ ಬಂದವರೊಬ್ಬರ ಕೈಯಲ್ಲಿ ಅಮ್ಮ ಒಣಮೀನು, ಹಪ್ಪಳ, ಮಾವಿನ ಉಪ್ಪಿನಕಾಯಿ ಕಳಿಸಿದ್ದಳು. ಎಣ್ಣೆ ಸೋರಬಾರದೆಂದು ಎಲ್ಲವನ್ನೂ ತನ್ನದೊಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿದ್ದಳು. ಉಡುಪಿ ಕೈಮಗ್ಗದ ಸೀರೆ, ಕಂದು ಹಳದಿ ಚೌಕುಳಿ, ಕೆಂಪು ಅಂಚು. ನೂರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆ ಬ್ರಷ್ ಒರೆಸಲು ಬಹಳ ಒಳ್ಳೆಯದು. ಅರ್ಧ ಹರಿದು ವರ್ಕ್‌ಶಾಪಿಗೆ ತಂದಿದ್ದೆ. ವಾರ್ನಿಷ್ ಒಣಗುವವರೆಗೆ ಕಾದು ಕೂತಾಗ ಅದು ಮೇಜಿನ ಮೇಲೆ ಕಣ್ಣೆದುರಿಗೇ ಬಿದ್ದಿತ್ತು. ಅದನ್ನೇ ನೋಡಿಕೊಂಡು ಬರೆದೆ.

ಬೇರೆ ಚಿತ್ರಗಳಿಗೆ ಒಂದು ಗಂಟೆ ಸಾಕಾಗುತ್ತಿತ್ತು. ಇದಕ್ಕೆ ನಾಲ್ಕು ದಿನ ಹಿಡಿಯಿತು. ಹೆಗಲಿನಿಂದ ಮೊಣಕಾಲಿನ ಕೆಳಗಿನವರೆಗೆ ಸೀರೆ, ಮಡಿಕೆಯಲ್ಲಿ ಓರೆಯಾಗಿ ಮುರಿಯುವ ಚೌಕುಳಿ, ಅಂಚಿನ ಕೆಂಪು. ಸೀರೆ ಜಾರದೆ ನಿಲ್ಲಬೇಕಾದರೆ ಯಾರಾದರೂ ಹಿಡಿಯಬೇಕಲ್ಲ? ಇಳಿಬಿದ್ದ ಎಡಗೈಯನ್ನು ಮುಚ್ಚಿ ಎದೆಯ ಹತ್ತಿರ ಹೊಸ ಕೈ ಬರೆದೆ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಕೈ. ಜೀವಮಾನದಲ್ಲಿ ನಾನು ಬರೆದ ಒಳ್ಳೆಯ ಕೈ ಅದೊಂದೇ. ಹಜ್ಜಿ ಬಂದು ನೋಡಿ, ಆ ದಿನ ಎರಡು ಖರ್ಜೂರ ಕೊಟ್ಟರು.

ಉಸ್ತಾದ್ ರಜೆ ಮುಗಿಸಿ ಬಂದು, ಚೌಕಟ್ಟು ಹಾಕುವ ಮುಂಚೆ ಕ್ಯಾನ್ವಾಸ್ ತಿರುಗಿಸಿ ಹಿಂಬದಿ ನೋಡಿದರು. ಹಳೆಯ ಮೊಳೆ, ಕಂದಿದ ಚೀಟಿ, ಮರದ ಬಣ್ಣ. ಕನ್ನಡಕ ತೆಗೆದು ಹಾಗೇ ಕೂತುಬಿಟ್ಟರು.

"ಹುಚ್ಚಾ, ಇದು ಅಸಲಿ. ಆ ಕಲಾವಿದನದ್ದೇ ಕೈ. ವಾರ್ನಿಷ್ ಹಾಕಿದೆಯಾ, ಇಲ್ಲವಾ?"

"ಹಾಕಿದ್ದೇನೆ ಉಸ್ತಾದ್."

"ಹಾಗಾದರೆ ಬಾಯಿ ಮುಚ್ಚು. ಯಜಮಾನ ಕೇಳಿದ, ನಾವು ಮಾಡಿದೆವು. ಖಲಾಸ್."

ನಾನು ಬಾಯಿ ಮುಚ್ಚಿದೆ. ಆಗ ಮದುವೆಯಾಗಿ ಒಂದು ವರ್ಷ. ಹೆಂಡತಿ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್, ಅಬು ಹಲೀಫಾದಲ್ಲಿ ಎರಡು ಕೋಣೆಯ ಫ್ಲಾಟ್. ನನ್ನ ಇಕಾಮಾ, ಅಂದರೆ ಇಲ್ಲಿರಲು ಬೇಕಾದ ಪರವಾನಿಗೆ, ನನ್ನ ಜಾಮೀನುದಾರನಾದ ಅಂಗಡಿಯ ಕಫೀಲ್‌ನ ಕೈಯಲ್ಲಿ. ಅವನು ಹಜ್ಜಿಯ ಸಂಬಂಧಿಕ. ಅಸಲಿ ಚಿತ್ರ ಹಾಳು ಮಾಡಿದವನು ಎಂಬ ಒಂದು ಮಾತು ಸಾಕು, ಮರುವಾರ ನಾನು ವಿಮಾನದಲ್ಲಿ.

ವರ್ಷಗಳು ಹೋದವು. ಹೇಗೆ ಹೋದವು ಎಂದು ಕೇಳಬೇಡಿ: ಅಬು ಹಲೀಫಾದಿಂದ ಬೆಳಿಗ್ಗೆ ಬಸ್ಸು, ರಾಯ್‌ನಲ್ಲಿ ಧೂಳು, ಸಂಜೆ ಬಸ್ಸು. ಮಗಳು ಹುಟ್ಟಿದಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಕಲಿತಳು. ಅಮ್ಮ ತೀರಿಕೊಂಡಳು. ಉಸ್ತಾದ್‌ಗೆ ಕಣ್ಣು ಮಂಜಾಯಿತು, ಅವರು ಕೈರೋಗೆ ಮರಳಿದರು. ಅವರ ಮೇಜು ನನ್ನದಾಯಿತು, ಕೆಲಸ ದುಪ್ಪಟ್ಟಾಯಿತು.

ಆಗ ಹಜ್ಜಿಯ ಮಗಳು ಇಂಗ್ಲೆಂಡಿನಲ್ಲಿ ಕಲೆಯ ಇತಿಹಾಸ ಓದಿ ಡಾಕ್ಟರೇಟ್ ಪಡೆದು ಬಂದಳು. ಎಲ್ಲರೂ ದಕ್ತೂರಾ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಬಂದವಳೇ ಮಾಡಿದ ಮೊದಲ ಕೆಲಸ, ತಂದೆಯ ದಿವಾನಿಯಾದ ಚಿತ್ರಗಳನ್ನೆಲ್ಲ ಇಳಿಸಿ ವ್ಯಾನಿನಲ್ಲಿ ನಮ್ಮ ಅಂಗಡಿಗೆ ಕಳಿಸಿದ್ದು. ಚೌಕಟ್ಟು ಇಟ್ಟುಕೊಳ್ಳಿ, ಚಿತ್ರ ಬಿಸಾಡಿ ಎಂದು ಆಜ್ಞೆ. ಹಿಂದೆಯೇ ಅವಳೂ ಬಂದಳು.

"ಇವರು ನಮ್ಮನ್ನು ನೋಡಿ ಬರೆದದ್ದಲ್ಲ, ತಮಗೆ ಬೇಕಾದ ಹಾಗೆ ಬರೆದದ್ದು" ಎಂದಳು. "ಗಂಡಸರೆಲ್ಲ ಕ್ರೂರಿಗಳು ಇಲ್ಲ ಸೋಮಾರಿಗಳು, ಹೆಂಗಸರೆಲ್ಲ ಹಾಸಿಗೆಯ ಮೇಲೆ. ನಮ್ಮ ದೇಶವನ್ನು ಹಿಡಿಯುವ ಮೊದಲು ಹೀಗೆ ಚಿತ್ರದಲ್ಲಿ ಹಿಡಿದರು. ನಾವು ಅದನ್ನೇ ಕೊಂಡು ಗೋಡೆಗೆ ಹಾಕಿಕೊಂಡು ಅಜ್ಜ ಎನ್ನುತ್ತಿದ್ದೇವೆ. ಮೇಲೆ ಒಂದು ಶಾಲು ಹೊದಿಸಿದರೆ ಸರಿಹೋಯಿತಾ? ಅದು ಇನ್ನೂ ದೊಡ್ಡ ಕಪಟ."

ಅವಳ ಮಾತು ಸರಿ. ಉಸ್ತಾದ್ ಚಹಾ ಕುಡಿಯುತ್ತಾ ಹೇಳಿದ್ದನ್ನೇ ಅವಳು ಪುಸ್ತಕ ಓದಿ ಹೇಳುತ್ತಿದ್ದಳು. ಆದರೆ ನನಗೆ ಸಿಟ್ಟು ಬಂತು. ಹತ್ತು ವರ್ಷ ಕುತ್ತಿಗೆ ನೋಯಿಸಿಕೊಂಡು ಹೊದಿಸಿದ ಶಾಲುಗಳು ಒಂದು ಮಧ್ಯಾಹ್ನ ಕಪಟವಾಗಿಬಿಟ್ಟವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ನಡುವೆ ನೊಗ ಹೊತ್ತ ನಮ್ಮಂಥವರನ್ನು ಯಾರೂ ಕೇಳುವುದಿಲ್ಲ. ಸರಿ ದಕ್ತೂರಾ, ಎಂದು ಪ್ರಿಂಟುಗಳನ್ನು ಕಟ್ಟು ಕಟ್ಟಿ ಹೊರಗಿಟ್ಟೆ.

ಒಂದು ಚಿತ್ರವನ್ನು ಮಾತ್ರ ಅವಳು ಕಳಿಸಿರಲಿಲ್ಲ. ಹಜ್ಜಿ ಅದನ್ನು ತಮ್ಮ ಮಲಗುವ ಕೋಣೆಯಲ್ಲಿ ಹಾಕಿಕೊಂಡಿದ್ದರು. ಅವಳು ಅದನ್ನು ಸರಿಯಾಗಿ ನೋಡಿದ್ದು ಆಮೇಲೆ. ನೋಡಿದ ಮರುದಿನ ಅಂಗಡಿಗೆ ಬಂದಳು, ಮುಖವೆಲ್ಲ ಬೆಳಗಿತ್ತು.

"ಒಬ್ಬ! ಅಷ್ಟು ಕಲಾವಿದರಲ್ಲಿ ಒಬ್ಬ ಇವಳಿಗೆ ಬಟ್ಟೆ ಕೊಟ್ಟಿದ್ದಾನೆ. ಹಿಡಿದುಕೊಳ್ಳಲು ಕೈ ಕೊಟ್ಟಿದ್ದಾನೆ."

ನನ್ನ ಕೈಯಲ್ಲಿ ಅಳತೆಪಟ್ಟಿ ಇತ್ತು. ನಾನು ಅಳೆಯುತ್ತಲೇ ಇದ್ದೆ.

ಅವಳು ಆ ಚಿತ್ರದ ಮೇಲೆ ದೊಡ್ಡ ಲೇಖನ ಬರೆದಳು. ಬಟ್ಟೆಯ ಚೌಕುಳಿ ಅರಬರದ್ದಲ್ಲ, ಹಿಂದೂಸ್ಥಾನದ ಕಡಲ ಬದಿಯದ್ದು. ಹಾಯಿ ಹಡಗುಗಳಲ್ಲಿ ಮರದ ಜೊತೆಗೆ ಬಟ್ಟೆಯೂ ಬಂದಿದೆ. ಬರೆದವನು ನಿಜವಾಗಿ ಸಂತೆಗೆ ಹೋಗಿ ನೋಡಿದ್ದಾನೆ, ನೋಡಿ ನಾಚಿದ್ದಾನೆ. ಇದು ಅವಳ ವಾದ. ಕುವೈತಿನ ಒಂದು ಸಭಾಂಗಣದಲ್ಲಿ ಉಪನ್ಯಾಸ ಇಟ್ಟುಕೊಂಡಾಗ, ನೀನೂ ಆ ಕಡಲಿನವನೇ ಎಂದು ನನ್ನನ್ನೂ ಕರೆದಳು. ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ದೀಪ ಆರಿಸಿ ಆ ಕೈಯನ್ನು ಗೋಡೆಯ ಮೇಲೆ ತೋರಿಸಿದಳು. ನಾನು ಉಗುರಿನಷ್ಟು ಬರೆದದ್ದು ಬಾಗಿಲಿನಷ್ಟು ದೊಡ್ಡದಾಗಿ ಬಂತು. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ತನ್ನ ಎದೆಯ ಮೇಲಿನ ಬಟ್ಟೆಯನ್ನು ಅದೇ ಥರ ಹಿಡಿದುಕೊಂಡದ್ದು ನನಗೆ ಕಂಡಿತು. "ಇಲ್ಲಿ ಗೆರೆ ನಡುಗಿದೆ, ನೋಡಿ. ಕಲಾವಿದನ ಕೈ ಲಜ್ಜೆಯಿಂದ ನಡುಗಿದೆ" ಎಂದಳು ದಕ್ತೂರಾ. ಅದನ್ನು ನಾನು ಬರೆದದ್ದು ಎಸಿ ಕೆಟ್ಟಿದ್ದ ಜೂನ್ ತಿಂಗಳಲ್ಲಿ. ಬೆವರಿಗೆ ಬ್ರಷ್ ಜಾರಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ? ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಜನ ನನ್ನ ಕೆಲಸವನ್ನು ಕೂತು ನೋಡುತ್ತಿದ್ದರು, ಅದೂ ಸತ್ತುಹೋದ ಬೇರೆ ಯಾರದ್ದೋ ಹೆಸರಿನಲ್ಲಿ.

ಮುಗಿದ ಮೇಲೆ ಅವಳು ನೇರ ನನ್ನ ಹತ್ತಿರ ಬಂದಳು. ನಾಲ್ಕೈದು ಜನ ಜೊತೆಗಿದ್ದರು.

"ಹೇಳು. ಈ ಬಟ್ಟೆ ನಿನಗೆ ಗುರುತು ಸಿಗುತ್ತದಾ?"

ಅತ್ತ ದರಿ, ಇತ್ತ ಪುಲಿ. ಗುರುತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಅದು ನನ್ನ ಅಮ್ಮನ ಸೀರೆ" ಎಂದೆ.

ನಾನು ಹೇಳಿದ್ದು ಸತ್ಯ. ಪೂರ್ತಿ ಸತ್ಯ. ಮುಂದಿನ ಮಾತಿಗೆ ನಾಲಿಗೆ ಎತ್ತುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು, ಅಂಗೈ ಎದೆಯ ಮೇಲೆ ಇಟ್ಟುಕೊಂಡಿದ್ದಳು, ಪಕ್ಕದವರು ತಲೆದೂಗುತ್ತಿದ್ದರು. ಕರಾವಳಿಯ ಕುಶಲಕರ್ಮಿಯೊಬ್ಬ ಆ ಬಟ್ಟೆಯಲ್ಲಿ ತನ್ನ ತಾಯಿಯ ಸೀರೆಯನ್ನೇ ಗುರುತಿಸಿದ ಎಂದು ಅವಳ ಲೇಖನದ ಕೊನೆಗೆ ಸೇರಿತು. ಸತ್ಯ ಹೇಳಿ ಸುಳ್ಳಿಗೆ ಸಾಕ್ಷಿಯಾದವನು ನಾನು.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಸೀರೆ ಬರೆದ ಕಥೆ ಹೇಳಿದೆ. ನಮ್ಮ ಮನೆಮಾತು ಕೊಂಕಣಿ. ಸಿಟ್ಟು ಬಂದರೆ ಮಾತ್ರ ಅವಳು ಮಂಗಳೂರಿನ ಕನ್ನಡಕ್ಕೆ ಇಳಿಯುತ್ತಾಳೆ.

"ನಿಮಗೆ ಎಂತ ಮರ್ಲಾ ಮಾರಾಯ್ರೆ? ಈಗ ಹೋಗಿ ನಾನು ಮಾಡಿದ್ದು ಅಂತ ಹೇಳಿದ್ರೆ ಅವಳ ಮರ್ಯಾದೆ ಹೋಗ್ತದೆ, ನಿಮ್ಮ ಇಕಾಮಾ ಹೋಗ್ತದೆ. ಮಗಳ ಸ್ಕೂಲ್ ಮುಗೀಲಿ. ಅಲ್ಲಿವರೆಗೆ ಸುಮ್ನೆ ಕೂತ್ಕೊಳ್ಳಿ."

"ಬಟ್ ಪಪ್ಪಾ, ಯೂ ಪೇಂಟೆಡ್ ಇಟ್" ಎಂದಳು ಮಗಳು ಹೋಮ್‌ವರ್ಕಿನಿಂದ ತಲೆ ಎತ್ತಿ.

"ನೀನು ಬರಿ" ಎಂದಳು ಅವಳ ಅಮ್ಮ.

ಸುಮ್ಮನೆ ಕೂತೆ. ಎಂಟು ವರ್ಷ. ಊರಿಗೆ ಬಂದವಳು ನೀರಿಗೆ ಬಾರದೆ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅಂಗಡಿಯ ಬಾಗಿಲಲ್ಲಿ ದಕ್ತೂರಾಳ ಕಾರು ನಿಂತಾಗಲೆಲ್ಲ ನಾನು ಹಿಂದಿನ ಮಾಡಿನ ಕಡೆ ಜಾರುತ್ತಿದ್ದೆ. ಅವಳೋ ಪ್ರತಿ ಸಲ ನನಗೆ ಏನಾದರೂ ತರುತ್ತಿದ್ದಳು, ತಂದೆಯಂತೆಯೇ. ಅವಳು ಸ್ವಲ್ಪ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಹಜ್ಜಿ ತೀರಿಕೊಂಡರು. ಮನೆ ಪಾಲಾಯಿತು. ಅಷ್ಟರಲ್ಲಿ ಗಾಳಿ ಇನ್ನೊಂದು ಸಲ ತಿರುಗಿತ್ತು: ದಕ್ತೂರಾ ಬಿಸಾಡಿಸಿದಂಥ ಚಿತ್ರಗಳ ಅಸಲಿಗಳನ್ನು ಈಗ ಕೊಲ್ಲಿಯ ಶ್ರೀಮಂತರೇ ಲಂಡನ್ನಿನ ಹರಾಜಿನಲ್ಲಿ ಜಿದ್ದಿಗೆ ಬಿದ್ದು ಕೊಳ್ಳುತ್ತಿದ್ದರು. ಸುಳ್ಳೋ ನಿಜವೋ, ನಮ್ಮ ಹಳೆಯ ಬೀದಿಗಳ ಚಿತ್ರ ಬೇರೆ ಎಲ್ಲಿದೆ, ಎಂಬುದು ಈಗಿನ ಮಾತು. ಅವಳ ಅಣ್ಣಂದಿರು ಆ ಚಿಕ್ಕ ಕ್ಯಾನ್ವಾಸನ್ನು ಮಾರಲು ಹೊರಟರು. ಹೊರದೇಶದಿಂದ ಪರೀಕ್ಷಕನೊಬ್ಬ ಬಂದು ಕತ್ತಲು ಕೋಣೆಯಲ್ಲಿ, ಆಮೇಲೆ ಹಚ್ಚಿದ ಬಣ್ಣವನ್ನು ತೋರಿಸಿಕೊಡುವ ನೇರಳೆ ದೀಪ ಹಿಡಿದ. ಬಟ್ಟೆಯೂ ಕೈಯೂ ಉಳಿದ ಚಿತ್ರದಿಂದ ಬೇರೆಯಾಗಿ ಎದ್ದು ಕಂಡವು.

ಅವತ್ತು ಮಧ್ಯಾಹ್ನ ಅವಳು ಒಬ್ಬಳೇ ವರ್ಕ್‌ಶಾಪಿಗೆ ಬಂದಳು. ಚಿತ್ರ ಅವಳ ಕಂಕುಳಲ್ಲೇ ಇತ್ತು. ಬೇರೆಯವರು ಊಟಕ್ಕೆ ಹೋಗಿದ್ದರು. ಅವಳ ಮುಖ ಒಂದೇ ದಿನಕ್ಕೆ ಹತ್ತು ವರ್ಷ ಮುದುಕಿಯಾದ ಹಾಗಿತ್ತು.

"ಈ ಚಿತ್ರಕ್ಕೆ ಚೌಕಟ್ಟು ಹಾಕಿದ್ದು ಈ ಅಂಗಡಿ. ಆಗ ಉಸ್ತಾದ್ ಇದ್ದರು. ಅವರು ಮಾಡಿದ್ದಲ್ಲವಾ?"

ಬಾಗಿಲು ತೆರೆದೇ ಕೊಟ್ಟಿದ್ದಳು. ಉಸ್ತಾದ್ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಕೈರೋದಲ್ಲಿ ಮಣ್ಣಾದವರ ಮೇಲೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ನಾನು ಹೌದು ಎನ್ನಬೇಕಿತ್ತು. ಮಗಳ ಕಾಲೇಜು ಇನ್ನೂ ಒಂದು ವರ್ಷ ಇತ್ತು. ಆದರೆ ಬಾಗಿಲಿನಷ್ಟು ದೊಡ್ಡದಾಗಿ ಗೋಡೆಯ ಮೇಲೆ ಕಂಡ ಆ ಕೈಯನ್ನು ಉಸ್ತಾದ್‌ಗೂ ಬಿಟ್ಟುಕೊಡಲು ನನಗೆ ಆಗಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ಯಾರೂ ಹೊಗಳಬೇಡಿ, ಅದು ಬರೀ ಹೊಟ್ಟೆಕಿಚ್ಚು.

"ನಾನು ಮಾಡಿದ್ದು" ಎಂದೆ.

ಅವಳು ಸ್ಟೂಲಿನ ಮೇಲೆ ಕೂತಳು.

"ಎಂಟು ವರ್ಷ ನಾನು ಜನರ ಮುಂದೆ ಮಾತಾಡುವಾಗ ನೀನು ಸುಮ್ಮನಿದ್ದೆ."

"ಕೇಳಿದ ದಿನ ಹೇಳಿದೆನಲ್ಲ ದಕ್ತೂರಾ. ಅಮ್ಮನ ಸೀರೆ ಎಂದು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು, ಅಲ್ಲಿಗೇ ನಿಲ್ಲಿಸಿ ಮುಖ ಮುಚ್ಚಿಕೊಂಡಳು. ಟಯರಿನವರ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಹೊಡೆದುಕೊಳ್ಳುತ್ತಿತ್ತು. ನಾನು ಚಹಾ ಮಾಡಿ ಕೊಟ್ಟೆ. ಯಾಕೆ ಹಾಗೆ ಬರೆದೆ ಎಂದು ಕೇಳಿದಳು. ಮುಂಬೈಯ ಮಾಳಿಗೆಯ ಕಥೆ ಹೇಳಿದೆ, ಚಡ್ಡಿಯಲ್ಲಿ ನಿಂತದ್ದು, ಆ ಮನುಷ್ಯ ಅಂಗೈ ತಿರುಗಿಸಿ ಒತ್ತಿದ್ದು. ಹೆಂಡತಿಗೂ ಹೇಳದ್ದನ್ನು ಅವಳಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ದಣಿದಿದ್ದೆ. ಅವಳು ಚಿತ್ರದಲ್ಲಿ ಕೈ ಹಿಡಿದವನನ್ನು ಬಹಳ ಹೊತ್ತು ನೋಡಿದಳು.

"ಅಣ್ಣಂದಿರಿಗೆ ಈ ಬಟ್ಟೆ ತೆಗೆಸಬೇಕಂತೆ" ಎಂದಳು ಕೊನೆಗೆ. "ಬಟ್ಟೆ ಇದ್ದರೆ ಬೆಲೆ ಇಲ್ಲ. ಅಂಗಡಿಯವರು ಹಾಕಿದ್ದಾದರೆ ಅಂಗಡಿಯವರೇ ತೆಗೆಯಲಿ, ಇವತ್ತೇ ಎಂದಿದ್ದಾರೆ. ಡ್ರೈವರ್ ಬರುತ್ತಾನೆ. ತೆಗೆಯಲಿಕ್ಕೆ ಆಗುತ್ತದಾ?"

"ಆಗುತ್ತದೆ."

ಆಗುವುದಿಲ್ಲ ಎನ್ನಬಹುದಿತ್ತು. ಉಸ್ತಾದ್‌ನ ವಾರ್ನಿಷ್ ಹಾಗೆ ಹೇಳಲು ಬಿಡಲಿಲ್ಲ. ಹತ್ತಿಯನ್ನು ಕಡ್ಡಿಗೆ ಸುತ್ತಿ, ಟರ್ಪಂಟೈನಿನಲ್ಲಿ ಅದ್ದಿ, ಕೆಂಪು ಅಂಚಿನಿಂದ ಶುರು ಮಾಡಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾಲ್ಕು ದಿನದ ಸೀರೆ ಮುಕ್ಕಾಲು ಗಂಟೆಯಲ್ಲಿ ಹತ್ತಿಯ ಉಂಡೆಗಳಾಗಿ ಡಬ್ಬಿಯಲ್ಲಿ ಬಿತ್ತು. ಹಳದಿ, ಕಂದು, ಕೆಂಪು. ಮುಷ್ಟಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಒರೆಸಿದೆ. ಅವಳು ಹಿಡಿದಿದ್ದದ್ದೂ ಹೋಯಿತು, ಹಿಡಿದ ಕೈಯೂ ಹೋಯಿತು. ಕೆಳಗೆ ನಾನು ಮರೆತೇಬಿಟ್ಟಿದ್ದ ಆ ಹಳೆಯ ಎಡಗೈ ಹಾಗೆಯೇ ಇತ್ತು, ಬೆರಳು ಬಿಚ್ಚಿಕೊಂಡು, ಖಾಲಿಯಾಗಿ.

ಇದನ್ನು ಮುಚ್ಚುವುದು ಕಪಟ, ಇದ್ದದ್ದು ಇದ್ದ ಹಾಗೆ ಕಾಣಲಿ ಎಂದು ಅಷ್ಟು ಸಭೆಗಳಲ್ಲಿ ಹೇಳಿದವಳು ಅವಳು. ಈಗ ಇದ್ದದ್ದು ಇದ್ದ ಹಾಗೆ ಕಾಣುತ್ತಿತ್ತು. ಹೊರಗೆ ಕಾರು ನಿಂತ ಸದ್ದು, ಬಾಗಿಲು ತೆರೆದ ಸದ್ದು. ಡ್ರೈವರ್ ಬಂದಿದ್ದ, ಜೊತೆಗೆ ಅಣ್ಣಂದಿರಲ್ಲಿ ಒಬ್ಬನ ದನಿಯೂ ಕೇಳಿತು. ದಕ್ತೂರಾ ಎದ್ದು ಮೇಜಿಗೂ ಬಾಗಿಲಿಗೂ ನಡುವೆ ಬಂದು ನಿಂತಳು.

"ಇವಳನ್ನು ಮುಚ್ಚು" ಎಂದಳು. "ಬೇಗ. ಜನ ಬರ್ತಿದ್ದಾರೆ."

ಮೇಜಿನ ಮೇಲೆ ಬಟ್ಟೆ ಎಂದು ಏನೂ ಇರಲಿಲ್ಲ. ಅಮ್ಮನ ಸೀರೆಯ ಚಿಂದಿ ಎಂದೋ ಕಸಕ್ಕೆ ಹೋಗಿತ್ತು. ನಾನು ನನ್ನ ಏಪ್ರನ್ ಬಿಚ್ಚಿ ಚಿತ್ರದವಳ ಮೇಲೆ ಹಾಕಿದೆ.